ಪಿಚ್ಚಿಗೆ ಇಸ್ತ್ರಿ ಹಾಕಿದ ಮಧ್ಯಾಹ್ನ

ಆ ಭಾನುವಾರ ಮಳೆ ನಿಂತದ್ದು ಬೆಳಿಗ್ಗೆ ಒಂಬತ್ತಕ್ಕೋ ಹತ್ತಕ್ಕೋ, ಪ್ರಮಾಣ ಮಾಡಿ ಹೇಳಲಾರೆ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವರಿಗೆ ಅಂಟುವ ರೋಗ ಇದು: ಯಾರು ಏನು ಹೇಳಿದರೂ ಆಧಾರ ಎಲ್ಲಿ ಎಂದು ಕೇಳುವುದು, ಕೊನೆಗೆ ತನ್ನ ನೆನಪಿಗೂ ಅದೇ ಪ್ರಶ್ನೆ ಹಾಕಿ ಕಂಗಾಲಾಗುವುದು. ಏಳೆಂಟು ವರ್ಷದ ಹಿಂದಿನ ಮಾತು. ಒಂದು ವಿಷಯದಲ್ಲಿ ಮಾತ್ರ ಅನುಮಾನವಿಲ್ಲ. ಬೇಕರಿ ಎಂಡ್‌ನಲ್ಲಿ ಪಿಚ್ ಒದ್ದೆಯಾಗಿತ್ತು.

ಸರ್ವಜ್ಞನಗರದ ನಮ್ಮ ಕ್ರಿಕೆಟ್ ಗ್ರೌಂಡಿಗೆ ಸ್ಟೇಡಿಯಂ ಎಂಬ ಹೆಸರು ಸ್ವಲ್ಪ ದೊಡ್ಡದೇ. ಒಂದು ಕಡೆ ಎಂಟು ಮೆಟ್ಟಿಲಿನ ಸ್ಟ್ಯಾಂಡು, ಉಳಿದದ್ದೆಲ್ಲ ಕಾಂಪೌಂಡು ಗೋಡೆ. ಚರ್ಚಿನ ಕಡೆಯದು ಚರ್ಚ್ ಎಂಡ್, ಬೇಕರಿಯ ಕಡೆಯದು ಬೇಕರಿ ಎಂಡ್. ಬೆಳಿಗ್ಗೆ ವಾಕಿಂಗ್‌ನವರು, ಮಧ್ಯಾಹ್ನ ನೆರಳಲ್ಲಿ ಊಟ ಮಾಡುವ ಡೆಲಿವರಿ ಹುಡುಗರು, ಸಂಜೆ ಮೆಟ್ಟಿಲ ಮೇಲೆ ಕೂತು ಸೊಸೆಯರ ವಿಚಾರ ಇತ್ಯರ್ಥ ಮಾಡುವ ಅಜ್ಜಿಯರು. ಸುತ್ತಲಿನ ಹಳೇ ಮನೆಗಳು ಫ್ಲ್ಯಾಟ್ ಆದ ಮೇಲೆ, ತಲೆಯೆತ್ತಿದರೆ ಪೂರ್ತಿ ಆಕಾಶ ಕಾಣುವ ಜಾಗ ನಮಗೆ ಅದೊಂದೇ.

ಪಿಚ್ ನೋಡಿಕೊಳ್ಳುವವರನ್ನು ಎಲ್ಲರೂ ಮಾಲಿ ಎನ್ನುತ್ತಿದ್ದರು. ರಾಯಚೂರು ಕಡೆಯವರು. ಕೆ.ಆರ್. ಪುರದ ಆಚೆ ಬಾಡಿಗೆ ಕೋಣೆ, ಟಿನ್ ಫ್ಯಾಕ್ಟರಿಯಲ್ಲಿ ಬಸ್ಸು ಬದಲಿಸಿ ದಿನಾ ಆರು ಗಂಟೆಗೆ ಹಾಜರು. ಹಿಂದಿನ ದಿನ ಅವರು ಹೊದಿಸಿದ್ದ ಟಾರ್ಪಾಲು ಒಂದು ಮೂಲೆಯಲ್ಲಿ ಹರಿದು ನೀರು ಇಳಿದಿತ್ತು. ಆ ಸೀಸನ್‌ನಲ್ಲಿ ಎರಡು ಲೀಗ್ ಪಂದ್ಯ ಆಗಲೇ ಹೀಗೇ ರದ್ದಾಗಿದ್ದವು. ಮೂರನೆಯದೂ ಹೋದರೆ ಮುಂದಿನ ವರ್ಷ ಇಲ್ಲಿ ಲೀಗ್ ಆಡಿಸುವುದಿಲ್ಲ ಎಂದು ಲೀಗ್ ನಡೆಸುವವರು ಹೇಳಿಬಿಟ್ಟಿದ್ದರು. ಅಂಪೈರ್ ಒಂದು ಗಂಟೆಗೆ ಬಂದು ನೋಡಿ ತೀರ್ಮಾನ ಹೇಳಬೇಕಿತ್ತು.

"ಲೀಗ್ ಇಲ್ಲಂದ್ರ ಪಿಚ್ ಯಾಕ್ರಿ? ಪಿಚ್ ಇಲ್ಲಂದ್ರ ನಾ ಯಾಕ?" ಎಂದರು ಮಾಲಿ, ಪಂದ್ಯ ನೋಡಲು ಬಂದಿದ್ದ ನನ್ನ ಹತ್ತಿರ. ಬಸ್ಸಿನ ನಂಬರು ಹೇಳುವವರ ದನಿಯಲ್ಲಿ ಹೇಳಿದರು.

ಅದು ಹೇಗೋ ವಾಕಿಂಗ್ ಗುಂಪಿಗೆ ಸುದ್ದಿ ಮುಟ್ಟಿತು. ಆ ಗುಂಪಿನ ಭಾಯ್ ಒಬ್ಬರಿಗೆ ಶಿವಾಜಿನಗರದಲ್ಲಿ ಹಾಸಿಗೆ ಅಂಗಡಿ. ಆಟೋದಲ್ಲಿ ಒಂದು ಮೂಟೆ ಹತ್ತಿ ತಂದಿಳಿಸಿದರು.

"ನೀರು ಕುಡಿಯೋದ್ರಲ್ಲಿ ಹತ್ತಿ ಮುಂದೆ ಯಾವ್ದೂ ಇಲ್ಲ. ನಮ್ದು ತಾತನ ಕಾಲದ ಧಂಧಾ. ನೀವು ಸುಮ್ನೆ ಹರಡಿ."

ಹರಡಿದೆವು. ನಾನೂ ಹರಡಿದೆ. ಹತ್ತಿ ನೀರು ಕುಡಿದದ್ದು ನಿಜ, ಆದರೆ ಹುಲ್ಲಿಗೆ ಕಚ್ಚಿಕೊಂಡು ಮೇಲೇಳಲೊಲ್ಲದು. ಬೇಕರಿ ಎಂಡ್‌ಗೆ ಬಿಳಿ ಗಡ್ಡ ಬಂದಂತಾಯಿತು.

"ಯಪ್ಪಾ, ಏನ್ ಮಾಡಿಟ್ರಿ!" ಮಾಲಿ ತಲೆಯ ಮೇಲೆ ಕೈ ಹೊತ್ತರು.

ಗೇಟಿನ ಪಕ್ಕ ತಳ್ಳುಗಾಡಿಯಲ್ಲಿ ಇಸ್ತ್ರಿ ಮಾಡುವ ಅಕ್ಕ ಒಳಗೆ ಬಂದು ನೋಡಿದರು. ಹಲಸೂರಿನವರು, ಮನೆಮಾತು ತಮಿಳು, ಬಾಯಿ ಮೂರು ಭಾಷೆಯಲ್ಲಿ ಚುರುಕು. "ತಲೆದಿಂಬಿಗೆ ತುಂಬೋದನ್ನ ನೆಲಕ್ಕೆ ತುಂಬಿದ್ರಲ್ಲ ಭಾಯ್! ಅಂಪೈರ್ ಬಂದು ಮಲ್ಕೊಳ್ಳೋದೊಂದೇ ಬಾಕಿ."

"ನಕ್ಕೋ ಅಕ್ಕಾ, ಬೇಡ. ನಗೋದು ಆಮೇಲೆ, ಮೊದ್ಲು ಹೆಕ್ಕಿ."

ಪ್ಯಾಡ್ ಕಟ್ಟಿಕೊಂಡಿದ್ದ ನಮ್ಮ ತಂಡದ ಆರಂಭಿಕ ಆಟಗಾರ ಮಂಡಿಯೂರಿದ. ಎದುರು ತಂಡದವರೂ ಬಂದರು; ಪಂದ್ಯ ನಿಂತರೆ ಪಾಯಿಂಟ್ ಲೆಕ್ಕದಲ್ಲಿ ಅವರಿಗೇ ಲಾಭವಿತ್ತು, ಆದರೂ ಬಂದರು. ಅವತ್ತು ಮಧ್ಯಾಹ್ನವೇ ಬಂದು ಮೆಟ್ಟಿಲ ಮೇಲೆ ಕೂತಿದ್ದ ಅಜ್ಜಿಯೊಬ್ಬರು ಕನ್ನಡಕ ಸರಿಮಾಡಿಕೊಂಡು ಅಕ್ಕಿ ಆರಿಸುವ ಹಾಗೆ ಎಳೆ ಎಳೆಯಾಗಿ ಆರಿಸಿದರು. ಯಾರೂ ಕರೆದಿರಲಿಲ್ಲ. ಇಂಥ ಕಡೆ ನನ್ನ ಓದು ನನಗೆ ಹೇಳಿಕೊಟ್ಟಿರುವ ಅನುಮಾನಗಳೆಲ್ಲ ಸ್ವಲ್ಪ ಹೊತ್ತು ಸುಮ್ಮನಾಗುತ್ತವೆ.

ಹನ್ನೆರಡು ದಾಟಿತು. ತಪ್ಪು ತನ್ನದೆಂದು ಭಾಯ್ ಅಂಗಡಿಯಿಂದ ಫೋಮ್ ತುಂಡುಗಳನ್ನು ತರಿಸಿದರು. ಒತ್ತಿ, ಹಿಂಡಿ, ಮತ್ತೆ ಒತ್ತಿದೆವು. ನೀರು ಹೋಯಿತು, ತೇವ ಉಳಿಯಿತು. ಹೆಬ್ಬೆರಳು ಒತ್ತಿದರೆ ಗುರುತು ಬೀಳುತ್ತಿತ್ತು. ಆಗ ಅಕ್ಕ ಹೋಗಿ ತಮ್ಮ ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡು ಬಂದರು.

"ಬ್ಯಾಡ್ರಿ ಅಕ್ಕಾರ, ಹುಲ್ಲ ಸುಟ್ ಹೋಗತೈತಿ!"

"ಇಷ್ಟು ವರ್ಷದಲ್ಲಿ ಯಾರದ್ದಾದ್ರೂ ಉಲ್ಲನ್ ಪ್ಯಾಂಟ್ ಸುಟ್ಟಿದೀನಾ ಅಣ್ಣಾ? ಮೇಲೆ ಬಟ್ಟೆ ಹಾಕಿ ಒತ್ತಬೇಕು."

ಹಳೇ ಬೆಡ್‌ಶೀಟನ್ನು ನಾಲ್ಕು ಮಡಿಕೆ ಮಾಡಿ ಪಿಚ್ ಮೇಲೆ ಹಾಸಿ, ಅದರ ಮೇಲೆ ಪೆಟ್ಟಿಗೆ ಓಡಿಸಿದರು. ಹಬೆ ಎದ್ದಿತು. ಬಟ್ಟೆ ಎತ್ತಿದರೆ ತೇವ ಅದಕ್ಕೆ ಬಂದಿತ್ತು. ಒಣಗಿದ ಮಡಿಕೆ ತಿರುಗಿಸಿ ಮತ್ತೆ ಒಂದು ಮೊಳ ಮುಂದೆ.

ಇದು ನಾನು ಕಂಡದ್ದೇ, ಅಥವಾ ಹೇಳಿ ಹೇಳಿ ಕಂಡಂತೆ ಆದದ್ದೇ? ಅವತ್ತು ಆಡಿದ ಗೆಳೆಯ ಈಚೆಗೆ ನಕ್ಕುಬಿಟ್ಟ. "ಇಸ್ತ್ರಿ ಎಲ್ಲಿತ್ತು ಮಗಾ? ಬಾಣಲೆಯಲ್ಲಿ ಕೆಂಡ ಹಿಡ್ಕೊಂಡು ಪಿಚ್ ಮೇಲೆ ಓಡಾಡಿದ್ರು ಅಷ್ಟೆ. ನೀನು ಕಥೆ ಕಟ್ತೀಯ." ತಡೆಯಲಾರದೆ ಹೋಗಿ ಅಕ್ಕನನ್ನೇ ಕೇಳಿದೆ. ಅದೇ ಗೇಟು, ಪೆಟ್ಟಿಗೆಗೆ ಈಗ ಗ್ಯಾಸ್ ಬಂದಿದೆ. "ಆಗೆಲ್ಲ ಕೆಂಡ ಇಲ್ದೆ ಪೆಟ್ಟಿಗೆ ಕಾಯ್ತಿತ್ತಾ ಸಾರ್? ಎರಡೂ ಇತ್ತು ಅಂತ ಬರ್ಕೊಳ್ಳಿ." ಬರೆದುಕೊಂಡೆ. ಪೆಟ್ಟಿಗೆ ಹಿಡಿದ ಕೈಯ ಸಾಕ್ಷಿ ನನಗೆ ಹೆಚ್ಚು.

ಒಂದು ಗಂಟೆಗೆ ಅಂಪೈರ್ ಬಂದರು. ಹೆಬ್ಬೆರಳು ಒತ್ತಿದರು, ಹಿಮ್ಮಡಿ ಊರಿದರು. ಹುಲ್ಲಿನಿಂದ ಹತ್ತಿಯ ಒಂದು ಎಳೆ ಎತ್ತಿ "ಇದೇನ್ರೀ?" ಎಂದರು. ಭಾಯ್ ಆಕಾಶ ನೋಡಿದರು.

"ಇಪ್ಪತ್ತು ಓವರ್ ಆಡಿಸ್ತೀನಿ. ಬೌಲರ್ ಕಾಲು ಒಂದ್ಸಲ ಜಾರಿದ್ರೂ ನಿಲ್ಲಿಸಿಬಿಡ್ತೀನಿ."

ಯಾರು ಗೆದ್ದರು ಎಂದು ಕೇಳಬೇಡಿ, ನೆನಪಿಲ್ಲ. ಪಂದ್ಯ ಪೂರ್ತಿ ನಡೆಯಿತು, ಮುಂದಿನ ವರ್ಷವೂ ಲೀಗ್ ನಮ್ಮಲ್ಲಿಗೇ ಬಂತು, ಅಷ್ಟಕ್ಕೆ ಆಧಾರ ಇದೆ. ನನ್ನ ಕಣ್ಣಲ್ಲಿ ಉಳಿದಿರುವುದು ಬೇಕರಿ ಎಂಡ್‌ನಿಂದ ಹಾಕಿದ ಮೊದಲ ಓವರ್. ನಾವೆಲ್ಲ ಬ್ಯಾಟ್ ನೋಡುತ್ತಿದ್ದೆವು. ಮಾಲಿ ಬೌಂಡರಿ ಗೆರೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಬೌಲರ್‌ನ ಎಡಗಾಲು ನೋಡುತ್ತಿದ್ದರು. ಆರು ಸಲ ಆ ಕಾಲು ನೆಲಕ್ಕೆ ಬಿತ್ತು, ಆರು ಸಲವೂ ನೆಟ್ಟ ಹಾಗೆ ನಿಂತಿತು. ಓವರ್ ಮುಗಿದದ್ದೇ ಮಂಡಿ ಹಿಡಿದುಕೊಂಡು ಎದ್ದರು.

"ಇನ್ನ ನೀವು ಆಟ ನೋಡ್ರಿ. ನಾ ಉಣ್ಣಾಕ ಹೊಂಟೆ."