ಸುಣ್ಣಕ್ಕೆ ಮುಂಚೆ ಬೇಳೆ ಬೇಯಿಸುವ ಮುದ್ದಮ್ಮ

ಬೆಳಗಿನ ಮೊದಲ ರೈಲುಗಾಡಿ ಮಂಡ್ಯದಲ್ಲಿ ನಿಂತಾಗ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಹನಕೆರೆಯಲ್ಲಿ ಹತ್ತಿದ ಮುದ್ದಮ್ಮ ತಲೆಯ ಮೇಲೆ ಸುಣ್ಣದ ಗಡಿಗೆ, ಕಂಕುಳಲ್ಲಿ ಕತ್ತಾಳೆ ನಾರಿನ ಕುಂಚಗಳನ್ನಿಟ್ಟುಕೊಂಡು ಇಳಿಯುತ್ತಾರೆ. ಊರಿನ ತಗ್ಗಿನ ಬೀದಿಗೆ ಹೋಗಿ, ಖಾಲಿ ಬಿದ್ದಿರುವ ಒಂದು ಮನೆಯ ಬೀಗ ತೆಗೆಯುತ್ತಾರೆ. ಇನ್ನೇನು ಸುಣ್ಣ ಕಲಸುತ್ತಾರೆ ಎಂದು ಕಾದರೆ ಅದಿಲ್ಲ. ಹಿತ್ತಿಲ ಬಾವಿಯಿಂದ ಒಂದು ಬಿಂದಿಗೆ ನೀರು ಸೇದಿ, ಮೂರು ಕಲ್ಲು ಹೂಡಿ, ಸೆರಗಿನ ಗಂಟಿನಿಂದ ಒಂದು ಹಿಡಿ ತೊಗರಿಬೇಳೆ ಬಿಚ್ಚಿ ಪುಟ್ಟ ಮಡಕೆಗೆ ಹಾಕಿ ಉರಿ ಹಚ್ಚುತ್ತಾರೆ.

"ತಿಂಡಿಗಾ?" ಎಂದು ನಾನು ಕೇಳುತ್ತೇನೆ.

"ತಿಂಡಿ ನಮ್ಮಟ್ಟೀಲೇ ಆಯ್ತು ಸ್ವಾಮಿ, ರಾತ್ರಿ ಮುದ್ದೆ ಇತ್ತು. ಇದು ಮನೆ ನೋಡೋ ಬೇಳೆ," ಎನ್ನುತ್ತಾರೆ. ಎಂದವರೇ ಹಿತ್ತಿಲ ಗೋಡೆಗೆ ಕುಂಚ ಇಕ್ಕುತ್ತಾರೆ. ಆ ಗೋಡೆಗೆ ಒಂದು ಕೈ ಸುಣ್ಣ ಮುಗಿಯುವಷ್ಟರಲ್ಲಿ ಬೇಳೆ ಬೆಂದು ಕರಗಿರಬೇಕು. ಕರಗಿದರೆ ನೀರು ಸಿಹಿ, ಸಂಸಾರ ಹೂಡಬಹುದು. ಕಲ್ಲಿನಂತೆ ಉಳಿದರೆ ಚೌಳು ನೀರು. ಆ ಮನೆಯಲ್ಲಿ ಸೌದೆಯೂ ಉಳಿಯದು, ಹೊಟ್ಟೆಯೂ ನೆಟ್ಟಗಿರದು.

ನಮ್ಮ ಮಂಡ್ಯ ಜಿಲ್ಲೆಯಾಗಿ ಏಳು ವರ್ಷವಾಯಿತು. ಸಕ್ಕರೆ ಕಾರ್ಖಾನೆ ಬಂತು, ನಾಲೆ ಬಂತು, ಕಚೇರಿಗಳು ಬಂದವು. ಅವುಗಳ ಬೆನ್ನಿಗೇ ಗುಮಾಸ್ತರು, ಮೇಷ್ಟ್ರುಗಳು, ಮೆಕ್ಯಾನಿಕ್ಕುಗಳು, ನನ್ನಂಥ ಬರೆಯುವವರು ಗಂಟುಮೂಟೆ ಕಟ್ಟಿಕೊಂಡು ಬಂದಿಳಿದರು. ಬಂದವರೆಲ್ಲ ಮೊದಲು ಕೇಳುವುದು ಬಾಡಿಗೆ ಎಷ್ಟು ಅಂತ, ಆಮೇಲೆ ಕಚೇರಿ ಎಷ್ಟು ದೂರ ಅಂತ. ನಾನೂ ಅಷ್ಟೇ ಕೇಳಿದ್ದು. ಶಾಸ್ತ್ರಕ್ಕೆ ಹಾಲುಕ್ಕಿಸಿ ಒಳಗೆ ಹೋದೆವು. ಇವತ್ತಿಗೂ ನಮ್ಮ ಮನೆಯಲ್ಲಿ ಬೇಳೆ ಬೇಯುವುದಿಲ್ಲ, ನನ್ನ ಹೆಂಡತಿ ಅದನ್ನು ನನಗೆ ದಿನಕ್ಕೆರಡು ಸಲ ಜ್ಞಾಪಿಸುತ್ತಾಳೆ.

ಇದನ್ನು ಹೇಳಿದರೆ ಮುದ್ದಮ್ಮ ಬಿದ್ದು ಬಿದ್ದು ನಗುತ್ತಾರೆ. "ಆಲು ಯಾವ್ ಮನೇಲಾದ್ರೂ ಉಕ್ತದೆ ಕಣ್ ಸ್ವಾಮಿ. ಬೇಳೆ ಎಲ್ಲಾ ಮನೇಲೂ ಬೇಯಕ್ಕಿಲ್ಲ. ನನ್ನ ಒಂದು ಮಾತು ಕೇಳಿದ್ರೆ ನಿಮ್ಮ ಗಂಟೇನು ಓಯ್ತಿತ್ತು?"

ಐವತ್ತರ ಆಸುಪಾಸಿನ ಈ ಹೆಂಗಸು ಹದಿನಾರು ವರ್ಷದಿಂದ ಸುಣ್ಣ ಬಳಿಯುತ್ತಿದ್ದಾರೆ. ಮೊದಲು ಗಂಡ ಮರಿಸಿದ್ದಯ್ಯ ಈ ಕೆಲಸ ಮಾಡುತ್ತಿದ್ದರು. ಸುಣ್ಣ ಅರಳಿಸುವಾಗ ಸಿಡಿದು ಅವರ ಕಣ್ಣು ಹೋಯಿತು. ಈಗ ಅವರು ಹಟ್ಟಿಯ ಮುಂದೆ ಕೂತು ಕೈಯಲ್ಲೇ ತಡವಿ ಕುಂಚ ಕಟ್ಟುತ್ತಾರೆ, ಮುದ್ದಮ್ಮ ಗೋಡೆ ಬಳಿಯುತ್ತಾರೆ. ಬೆರಳ ಸಂದಿಯೆಲ್ಲ ಸುಣ್ಣ ತಿಂದು ಒಡೆದಿದೆ. ಹರಳೆಣ್ಣೆ ಸವರಿಕೊಂಡು ಮತ್ತೆ ಅದೇ ಗಡಿಗೆಗೆ ಕೈ ಇಳಿಸುತ್ತಾರೆ. ದಿನಕ್ಕೆ ನಾಲ್ಕು ಕೋಣೆ, ಮೂವತ್ತು ಬಿಂದಿಗೆ ನೀರು. ಈ ಊರಿನ ಮುನ್ನೂರು ಮನೆಗಳ ಗೋಡೆ ಅವರಿಗೆ ಮುಖ ನೋಡಿದಷ್ಟು ಗುರುತು.

ಗೋಡೆ ಗುರುತಾದರೆ ಊರೇ ಗುರುತಾದ ಹಾಗೆ. ಕಬ್ಬು ಅರೆಯುವ ತಿಂಗಳಲ್ಲಿ ಕಾರ್ಖಾನೆಗೆ ಆಳು ಬಂದು ಬಾಡಿಗೆ ಮನೆಗೆ ಬರ, ಅರೆಯುವುದು ನಿಂತ ಮೇಲೆ ಬಂದರೆ ಆರಿಸಿಕೊಳ್ಳಬಹುದು ಎಂದು ಅವರು ಹೇಳಬಲ್ಲರು. ಯಾವ ಬೀದಿಯಲ್ಲಿ ಕಾರ್ಖಾನೆಯ ಕೂಗಿಗೆ ಮಗು ಬೆಚ್ಚಿ ಏಳುತ್ತದೆ, ಯಾವ ವಠಾರದಲ್ಲಿ ಬಾವಿಕಟ್ಟೆಯ ಜಗಳ ಜಾಸ್ತಿ, ಎಲ್ಲಿಂದ ಇಸ್ಕೂಲು ಹತ್ತಿರ, ಎಲ್ಲವೂ ಬಾಯಲ್ಲೇ ಇದೆ. ನೆರೆಮನೆಯ ಮಕ್ಕಳನ್ನು ಕರೆದು ಒಂದು ಚೂರು ಬೆಲ್ಲ ಕೊಟ್ಟು, ಮುದ್ದು ಮಾಡಿದಂತೆ ಎಡಪಕ್ಕೆಯ ಕೆಳಗೆ ಮೆಲ್ಲಗೆ ಒತ್ತಿ ನೋಡುತ್ತಾರೆ. ಅಲ್ಲಿ ಗಟ್ಟಿಯಾಗಿ ಗಡ್ಡೆ ಸಿಕ್ಕಿದರೆ ಆ ಬೀದಿಯಲ್ಲಿ ಚಳಿಜ್ವರ ಬೀಡುಬಿಟ್ಟಿದೆ ಎಂದರ್ಥ. ಇಷ್ಟೆಲ್ಲ ನೋಡಿ ಹೇಳುವುದಕ್ಕೆ ಅವರಿಗೆ ಯಾರೂ ಏನೂ ಕೊಡುವುದಿಲ್ಲ, ಅವರು ಕೇಳುವುದೂ ಇಲ್ಲ. ಕೂಲಿ ಸಿಗುವುದು ಸುಣ್ಣಕ್ಕೆ, ಅದೂ ಮನೆಯ ಯಜಮಾನನ ಕೈಯಿಂದ.

ಹಾಗಾದರೆ ಯಾಕೆ ಈ ಉಸಾಬರಿ? ಕೇಳಿದೊಡನೆ ಅವರ ನಗು ನಿಲ್ಲುತ್ತದೆ.

ಆರು ವರ್ಷದ ಹಿಂದೆ ಕಾರ್ಖಾನೆಯ ಮೆಕ್ಯಾನಿಕ್ ಅಕ್ರಂ ಪಾಷಾ ಹೆಂಡತಿ ನಜ್ಮುನ್ನೀಸಾ ಮತ್ತು ಎರಡು ವರ್ಷದ ಮಗಳೊಡನೆ ಇದೇ ತಗ್ಗಿನ ಬೀದಿಗೆ ಮನೆ ನೋಡಲು ಬಂದರು. ಬೇಸಿಗೆ, ನಾಲೆಯಲ್ಲಿ ನೀರಿಲ್ಲ. ಮುದ್ದಮ್ಮ ಬೇಳೆ ಬೇಯಿಸಿದರು, ಬೆಂದಿತು. ಗೋಡೆಗೆ ಕೆನ್ನೆ ಇಟ್ಟು ನೋಡಿದರು, ಒಣಗಿ ಗರಿಗರಿಯಾಗಿತ್ತು. ಬನ್ನಿ, ಒಳ್ಳೆಯ ಮನೆ ಎಂದರು. ಎರಡು ತಿಂಗಳಿಗೆ ನಾಲೆಗೆ ನೀರು ಬಿಟ್ಟರು. ಹಿತ್ತಿಲಾಚೆಯ ಗದ್ದೆಗಳೆಲ್ಲ ತುಂಬಿದವು, ಗೋಡೆ ಮೊಣಕಾಲೆತ್ತರಕ್ಕೆ ನೀರು ಕುಡಿಯಿತು, ಸೊಳ್ಳೆ ಮುತ್ತಿತು. ದಸರೆಗೆ ಮುಂಚೆ ಮಗು ಚಳಿಜ್ವರದಲ್ಲಿ ತೀರಿಕೊಂಡಿತು.

"ಆ ತಾಯಿ ಮುಂದೆ ಓಗಿ ನಿಂತ್ಕಂಡೆ, ನನ್ನ ಒಡೀಲಿ ಅಂತ. ಒಡೀನಿಲ್ಲ. 'ನೀನು ಸುಳ್ಳು ಹೇಳ್ಲಿಲ್ಲ ಮುದ್ದಮ್ಮಾ, ನಿನಗೆ ಗೊತ್ತಿರಲಿಲ್ಲ. ಈಗ ಗೊತ್ತಾಯ್ತಲ್ಲ, ಬೇರೆ ಮಕ್ಕಳ ತಾಯಿಗೆ ಹೇಳು' ಅಂದ್ಳು. ಅವತ್ತಿಂದ ಏಳ್ತಾ ಇವ್ನಿ."

ಅವತ್ತಿನಿಂದ ಇನ್ನೊಂದು ಪರೀಕ್ಷೆ ಸೇರಿತು. ಬೇಸಿಗೆಯ ಗೋಡೆಯನ್ನು ಮುದ್ದಮ್ಮ ನಂಬುವುದಿಲ್ಲ. ಈ ದಿನವೂ, ಬೇಳೆ ಚೆನ್ನಾಗಿಯೇ ಬೆಂದಿದ್ದರೂ, ನಡುಮನೆಗೆ ಹೋಗಿ ಕುಕ್ಕರಗಾಲಲ್ಲಿ ಕೂತು ಉಳಿಯಿಂದ ಗೋಡೆಯನ್ನು ಕೆರೆಯುತ್ತಾರೆ. ವರ್ಷಕ್ಕೊಂದರಂತೆ ಅವರೇ ಬಳಿದ ಸುಣ್ಣ ಪದರ ಪದರವಾಗಿ ಏಳುತ್ತದೆ. ಹೋದ ಸಲ ನಾಲೆ ನೀರು ನಿಂತ ಮೇಲೆ ಬಳಿದ ಮೇಲಿನ ಪದರ ಬೆಳ್ಳಗಿದೆ. ಅದರ ಕೆಳಗಿನ ಪ್ರತಿ ಪದರದಲ್ಲೂ ಮೊಣಕಾಲೆತ್ತರಕ್ಕೆ ಕಂದು ಗೆರೆ.

"ನೋಡಿ, ಸುಣ್ಣ ಎಲ್ಲಾನೂ ಮುಚ್ಚಾಕ್ಬುಡ್ತದೆ. ಬಳ್ದೋಳಿಗೆ ಮಾತ್ರ ಗೊತ್ತು ಏನ್ ಮುಚ್ಚಿದ್ದು ಅಂತ."

ಒಂಬತ್ತರ ಹೊತ್ತಿಗೆ ಮಳವಳ್ಳಿಯ ಬಸ್ಸಿನಲ್ಲಿ ಈ ಮನೆ ನೋಡಲು ಯಶೋದಮ್ಮ ಬರುತ್ತಾರೆ. ಸೊಂಟದ ಮೇಲೆ ವರ್ಷ ತುಂಬದ ಹೆಣ್ಣುಮಗು. ಗಂಡ ಮೇಷ್ಟ್ರು, ಜೂನಿನಲ್ಲಿ ಮಂಡ್ಯದ ಸ್ಕೂಲಿಗೆ ವರ್ಗ. ಹಿತ್ತಿಲು, ಬಾವಿ, ಎರಡು ಕೋಣೆ ನೋಡಿ ಆಕೆಯ ಮುಖ ಅರಳುತ್ತದೆ. ಮನೆಯ ಯಜಮಾನ ಮಾದಯ್ಯನವರೂ ಜೊತೆಯಲ್ಲೇ ಬಂದಿದ್ದಾರೆ. ಈ ಊರಿನಲ್ಲಿ ಅವರಿಗೆ ಹನ್ನೊಂದು ಬಾಡಿಗೆ ಮನೆ, ಹನ್ನೊಂದಕ್ಕೂ ಸುಣ್ಣ ಮುದ್ದಮ್ಮನದೇ. ಅವರು ಬೇಡವೆಂದರೆ ಊರಿನ ಉಳಿದ ಎಷ್ಟೋ ಯಜಮಾನರೂ ಕರೆಯರು, ಅಂದರೆ ಆಕೆಯ ವರ್ಷದ ಕೂಳಿನಲ್ಲಿ ಅರ್ಧ ಈ ಮನುಷ್ಯನ ಕೈಯಲ್ಲಿದೆ.

"ನೀರು ಹೆಂಗಿದೆಯಮ್ಮ?" ಎಂದು ಯಶೋದಮ್ಮ ಕೇಳುತ್ತಾರೆ.

"ನೀರು ಸಿಹಿ ಕಣವ್ವ, ಅದ್ರಲ್ಲಿ ಎರಡು ಮಾತಿಲ್ಲ. ಮನೆ ಬ್ಯಾಡ. ನಾಲೆ ನೀರು ಬಂದ್ಮೇಲೆ ಈ ಗೋಡೆ ನೆನೀತದೆ. ಪಕ್ಕದ ಮನೆ ಎರಡು ಮಕ್ಕಳಿಗೂ ಜ್ವರದ ಗಡ್ಡೆ ಅದೆ. ಸ್ಟೇಸನ್ ಆಚೆ ಎತ್ರದ ಮೇಡಿನ ಮೇಲೆ ಒಂದು ಸಣ್ಣ ಮನೆ ಅದೆ, ಹಿತ್ತಲಿಲ್ಲ, ಸಿಹಿನೀರು ದೂರ. ಅದನ್ನ ಇಡೀರಿ. ನೀರು ಒರಬೋದು ತಾಯಿ, ಜ್ವರ ಒರಕ್ಕಾಗಕ್ಕಿಲ್ಲ."

ಮಾದಯ್ಯನವರ ಮುಖ ಕೆಂಡವಾಗುತ್ತದೆ. "ಏನಮ್ಮೀ, ಉಂಡ ಮನೆ ಜಂತೆ ಎಣಿಸ್ತೀಯಾ? ಸುಣ್ಣ ಬಳಿ ಅಂದ್ರೆ ಪುರಾಣ ಏಳ್ತಾವ್ಳೆ! ಇನ್ಮೇಲೆ ನನ್ನ ಒಂದು ಮನೆ ಗೋಡೇನೂ ಮುಟ್ಟಬ್ಯಾಡ, ನಡಿ!"

ಮುದ್ದಮ್ಮ ಬೆಂದ ಬೇಳೆಯನ್ನು ಎಲೆಗೆ ಸುರಿದು ಪಕ್ಕದ ಮನೆಯ ಮಕ್ಕಳಿಗೆ ಕೊಟ್ಟು, ಗಡಿಗೆ ಹೊತ್ತು ಹೊರಡುತ್ತಾರೆ. ಯಶೋದಮ್ಮ ಆ ಮನೆಯ ಕಡೆ ಇನ್ನೊಮ್ಮೆ ಆಸೆಯಿಂದ ನೋಡಿ, ಮಗುವನ್ನು ಎದೆಗವಚಿಕೊಂಡು ಅವರ ಹಿಂದೆಯೇ ಮೇಡಿನ ದಾರಿ ಹಿಡಿಯುತ್ತಾರೆ. ಬರೆದು ಹೊಟ್ಟೆ ಹೊರೆಯುವ ನಾನು ಎಷ್ಟು ಯಜಮಾನರ ಮುಂದೆ ಹೀಗೆ ಬಾಯಿಬಿಟ್ಟಿದ್ದೇನೆ ಎಂದು ಲೆಕ್ಕ ಹಾಕಿ ನಾಚಿಕೊಳ್ಳುತ್ತೇನೆ.

ಮುಂದಿನ ಹತ್ತು ದಿನ ಮುದ್ದಮ್ಮನಿಗೆ ಸಿಕ್ಕಿದ್ದು ಮೂರೇ ದಿನದ ಕೆಲಸ. ಒಂದು ದಿನ ಹೊಳಲು ಹಳ್ಳಿಯವರೆಗೂ ನಡೆದುಹೋಗಿ ಬರಿಗೈಯಲ್ಲಿ ಬಂದರು. ಬೇಜಾರಿಲ್ಲವೇ ಎಂದರೆ, "ಬೇಜಾರಾಯ್ತದೆ, ಯಾಕಾಗಕ್ಕಿಲ್ಲ? ಒಟ್ಟೆ ಕೇಳ್ತದಾ?" ಎನ್ನುತ್ತಾರೆ. ನಿಮಗೇನು ಆಸೆ ಎಂದು ಕೇಳಿದರೆ ಅದಕ್ಕೂ ತಡವರಿಸುವುದಿಲ್ಲ. "ನಮ್ಮೆಜಮಾನ್ರಿಗೆ ಕಣ್ಣಿಲ್ಲ. ನಾನು ಮಾಡೋ ಕೆಲ್ಸ ದೊಡ್ಡದು ಅಂತ ಬೇರೆ ಯಾರಾದ್ರೂ ಅವ್ರಿಗೆ ಏಳ್ಬೇಕು. ಅಷ್ಟೇಯ."

ಹನ್ನೊಂದನೆಯ ದಿನ ಹನಕೆರೆಯ ಅವರ ಹಟ್ಟಿಯ ಮುಂದೆ ಮರಿಸಿದ್ದಯ್ಯನವರ ಪಕ್ಕದಲ್ಲಿ ನಾನು ಕೂತಿದ್ದಾಗಲೇ ಒಂದು ಎತ್ತಿನಗಾಡಿ ಬಂದು ನಿಲ್ಲುತ್ತದೆ. ಇಳಿದವರು ಮಾದಯ್ಯನವರು. ನನ್ನನ್ನು ಕಂಡು ಒಂದು ಗಳಿಗೆ ಹಿಂದೆಮುಂದೆ ನೋಡಿ, ಆಮೇಲೆ ಹೇಳಿಯೇಬಿಡುತ್ತಾರೆ. ಮಗಳು ಪಟ್ಟಲಮ್ಮನಿಗೆ ಏಳು ತಿಂಗಳು. ಅಳಿಯನಿಗೆ ಮದ್ದೂರಿನಲ್ಲಿ ಕೆಲಸವಾಗಿದೆ, ಅಲ್ಲಿ ಒಂದು ಮನೆ ನೋಡಿದ್ದಾರೆ.

"ನೀನೊಂದ್ಸಲ ಬಂದು ನೋಡಮ್ಮಿ. ನೀನು ಊಂ ಅಂದ್ರೆ ಮಗಳ್ನ ಕಳಿಸ್ತೀನಿ, ಇಲ್ಲಾಂದ್ರೆ ಇಲ್ಲ."

ಮುದ್ದಮ್ಮ ಅವರನ್ನೇ ನೋಡುತ್ತಾರೆ. "ಬತ್ತೀನಿ ಗೌಡ್ರೆ. ನಿಮ್ಮ ಮೊಮ್ಮಗೀಗೆ ಒಣಗಿದ ಗೋಡೆ ಬೇಕು, ಮೇಸ್ಟ್ರ ಮಗೀಗೆ ಬ್ಯಾಡ್ವಾ?"

ಮಾದಯ್ಯನವರು ಎತ್ತಿನ ಹಗ್ಗ ಬಿಗಿಯುತ್ತ ಹೇಳುತ್ತಾರೆ: "ಆ ತಗ್ಗಿನ ಮನೇಗೆ ಉಲ್ಲು ತುಂಬುಸ್ತೀನಿ ಬುಡು. ಮಕ್ಕಳೊಂದಿಗ್ರಿಗೆ ಕೊಡಕ್ಕಿಲ್ಲ."

ಅಭ್ಯಾಸಬಲದಿಂದ ಮುದ್ದಮ್ಮ ಗಡಿಗೆಗೆ ಕೈ ಹಾಕುತ್ತಾರೆ. ಮಾದಯ್ಯನವರು ತಡೆಯುತ್ತಾರೆ: ಸುಣ್ಣ ಬೇಡ, ಅಲ್ಲಿ ಬಳಿದಾಗಿದೆ. ಮುದ್ದಮ್ಮ ಗಡಿಗೆ ಕೆಳಗಿಟ್ಟು, ಒಳಗೆ ಹೋಗಿ ಒಂದು ಹಿಡಿ ಬೇಳೆಯನ್ನು ಸೆರಗಿಗೆ ಗಂಟು ಹಾಕಿಕೊಂಡು ಬರುತ್ತಾರೆ. ಗಾಡಿ ಹತ್ತುವ ಮುಂಚೆ ಗಂಡನ ಬಳಿ ನಿಂತು, ಅವರ ಕೈಯಲ್ಲಿದ್ದ ಅರ್ಧ ಕಟ್ಟಿದ ಕುಂಚವನ್ನು ಮೆಲ್ಲಗೆ ತೆಗೆದು ಪಕ್ಕಕ್ಕಿಡುತ್ತಾರೆ.

"ಕೇಳಿಸ್ತಾ? ಅದಿನಾರು ವರ್ಸದಲ್ಲಿ ಸುಣ್ಣಕ್ಕಲ್ದೆ ನನ್ನ ಕರೆಯಕ್ಕೆ ಬಂದಿರೋದು ಇದೇ ಮೊದ್ಲು."