ಆಫ್ ಆಗಿದ್ದ ಲೈನಿನ ಕರೆಂಟು

ಗೌಸ್ ಸಾಬ್ರೇ, ಅವತ್ತು ಬಸವಣ್ಯಪ್ಪ ಹತ್ತಿದ್ದ ಲೈನಿಗೆ ಕರೆಂಟ್ ಬಿಟ್ಟವರು ನೀವಲ್ಲ. ಅದು ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ತೊಂಬತ್ತರ ದಶಕದ ಮಾತು. ನಾನಾಗ ಹೊಸ ಜೂನಿಯರ್ ಇಂಜಿನಿಯರ್, ನೀವು ವಿದ್ಯುತ್ ಸಬ್‌ಸ್ಟೇಷನ್ನಿನ ಆಪರೇಟರ್. ಶಿಕಾರಿಪುರದಿಂದ ಸೊರಬದ ಕಡೆಗೆ ಎರಡು ದೊಡ್ಡ ಲೈನುಗಳು ಅಕ್ಕಪಕ್ಕದಲ್ಲೇ ಮೈಲುಗಟ್ಟಲೆ ಹೋಗುತ್ತಿದ್ದವು. ಒಂದರಲ್ಲಿ ತಂತಿ ಹಿಡಿಯುವ ಪಿಂಗಾಣಿ ಒಡೆದಿತ್ತು, ಬದಲಿಸಬೇಕಿತ್ತು. ನೀವು ಆ ಲೈನನ್ನು ಆಫ್ ಮಾಡಿ, ನಿಮ್ಮ ತುದಿಯಲ್ಲಿ ನೆಲಕ್ಕೆ ಜೋಡಿಸಿ, ಇನ್ನು ಕಂಬ ಹತ್ತಬಹುದೆಂದು ಫೋನಿನಲ್ಲಿ ಲೈನ್ ಕ್ಲಿಯರ್ ಕೊಟ್ಟಿರಿ. ನಿಮ್ಮ ಕೆಲಸ ಅಷ್ಟೇ. ಅದನ್ನು ಸರಿಯಾಗಿಯೇ ಮಾಡಿದ್ದಿರಿ.

ನಮ್ಮದು ಒಂದು ಉಳಿದಿತ್ತು. ಕಂಬ ಹತ್ತುವ ಜಾಗದಲ್ಲೂ ತಂತಿಯ ಮೇಲೆ ಸರಪಳಿ ಎಸೆದು ನೆಲಕ್ಕೆ ಕಟ್ಟಬೇಕು. ಆ ಸರಪಳಿಯನ್ನು ಜೀಪಿನವರು ತೊಗರ್ಸಿ ಕಡೆಯ ಇನ್ನೊಂದು ಗ್ಯಾಂಗಿಗೆ ಒಯ್ದಿದ್ದರು. ಲೈನ್‌ಮನ್ ಬಸವಣ್ಯಪ್ಪ ಕಂಬದ ಬುಡದಲ್ಲಿ ನಿಂತು ಕೇಳಿದ: "ಸಾರ್, ಚೈನ್ ಬರೋತನಕ ಕಾಯಣೇನ್ರೀ?"

"ಸ್ಟೇಷನ್ನಲ್ಲಿ ಅರ್ತ್ ಮಾಡಿದಾರಲ್ಲ, ಇನ್ನೇನು? ಹತ್ತು ಮಾರಾಯ."

ಹೇಳಿದವನು ನಾನೇ. ಪಕ್ಕದ ಲೈನು ಓಡುತ್ತಿತ್ತು — ಪಂಪ್‌ಸೆಟ್ಟುಗಳ ಹೊತ್ತು, ವಿಪರೀತ ಲೋಡು. ಅದರ ಸುತ್ತ ಎದ್ದು, ಕ್ಷಣಕ್ಷಣಕ್ಕೂ ಬದಲಾಗುವ ಕಾಂತಕ್ಷೇತ್ರ ಪಕ್ಕದ ಖಾಲಿ ತಂತಿಯಲ್ಲೂ ವೋಲ್ಟೇಜ್ ಹುಟ್ಟಿಸುತ್ತದೆ. ಒಂದಕ್ಕೊಂದು ತಾಗಬೇಕಾಗಿಯೇ ಇಲ್ಲ. ಒಂದೇ ತುದಿಯನ್ನು ನೆಲಕ್ಕೆ ಕಟ್ಟಿದರೆ, ದೂರ ಹೋದಷ್ಟೂ ಆ ವೋಲ್ಟೇಜ್ ಹೆಚ್ಚುತ್ತಾ ಹೋಗುತ್ತದೆ; ಹತ್ತುವ ಜಾಗದಲ್ಲಿ ಸರಪಳಿ ಕಟ್ಟುವುದೇ ಅದಕ್ಕಾಗಿ. ಇದನ್ನು ಪರೀಕ್ಷೆಯಲ್ಲಿ ಬರೆದು ಪಾಸಾದವನು ನಾನು. ಆದರೆ ಬಿಸಿಲು ಏರುತ್ತಿತ್ತು, ಕೆಲಸ ಬೇಗ ಮುಗಿದರೆ ಸಾಕಾಗಿತ್ತು — ಹೇಳಿಕೊಳ್ಳಲೂ ನಾಚಿಕೆ.

ಅವನು ತಂತಿಗೆ ಕೈಯಿಟ್ಟ. ಕೂಗಲೂ ಇಲ್ಲ, ಬಿದ್ದ ಸದ್ದಷ್ಟೇ ಕೇಳಿದ್ದು. ಜೀವ ಉಳಿಯಿತು, ಸೊಂಟ ಮುರಿಯಿತು.

"ಲೈನಿಗೆ ಕರೆಂಟ್ ಎಲ್ಲಿಂದ ಬಂತ್ರೀ?" ಎಂದು ಮೇಲಧಿಕಾರಿ ಕೇಳಿದಾಗ, "ಸ್ಟೇಷನ್ನಿನವರನ್ನೇ ಕೇಳಬೇಕು ಸಾರ್" ಎಂದುಬಿಟ್ಟೆ. ನಾನೇನೂ ಸುಳ್ಳು ಹೇಳಲಿಲ್ಲವಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಥೂ ನನ್ನ ಜನ್ಮಕ್ಕೆ.

ಆಮೇಲೆ ನೀವು ನನ್ನ ಟೇಬಲಿನ ಮುಂದೆ ಬಂದು ನಿಂತಿರಿ. "ಸಾರ್, ನಾ ಆ ಸ್ವಿಚ್ಚು ಮುಟ್ಟಿಲ್ರೀ. ಆದ್ರೆ ಎಲ್ರೂ ಅಂತಾರಲ್ಲ — ನಂಗೇ ಈಗ ಅನುಮಾನ ಆಗೇತಿ. ಮರೆತು ಮುಟ್ಟಿದ್ನೇನೋ?"

ಆಗಲಾದರೂ — ಇಲ್ಲ. ತಲೆ ಎತ್ತದೆ, "ಆಗಿದ್ದಾಯ್ತು ಬಿಡ್ರೀ" ಎಂದೆ. ನಿಮ್ಮನ್ನು ಸ್ಟೇಷನ್ನಿನಿಂದ ತೆಗೆದು ಸಾಮಾನಿನ ಸ್ಟೋರಿಗೆ ಹಾಕಿದರು. ನಿವೃತ್ತಿಯವರೆಗೂ ಜನ ನಿಮ್ಮನ್ನು ಬಸವಣ್ಯಪ್ಪನ ಸೊಂಟ ಮುರಿದವರೆಂದೇ ನೋಡಿದರು. ನೀವೂ ಹಾಗೆಯೇ ನಂಬಿಬಿಟ್ಟಿರೇನೋ ಎಂಬ ಭಯಕ್ಕೆ ನನಗೆ ನಿದ್ದೆ ಬರುವುದಿಲ್ಲ.

ನಿನ್ನೆ ಸೊರಬಕ್ಕೆ ಹೋಗಿ ಬಸವಣ್ಯಪ್ಪನಿಗೆ ಎಲ್ಲ ಹೇಳಿದೆ. ಬೈಯುತ್ತಾನೆ, ಹೊಡೆದರೂ ಹೊಡೆಯಲಿ ಎಂದುಕೊಂಡೇ ಹೋಗಿದ್ದೆ. ಅವನು, "ಗೌಸ್ ಸಾಬ್ರು ಆಸ್ಪತ್ರೆಗೆ ನನ್ನ ನೋಡಕ್ಕೆ ಬಂದಿದ್ರು ಸಾರ್. ನಾನು ಗೋಡೆ ಕಡೆ ತಿರುಗಿ ಮಲಗಿಬಿಟ್ಟೆ" ಎಂದ. ಅಷ್ಟೇ ಹೇಳಿ ಅಳತೊಡಗಿದ.

ಭಾನುವಾರ ನಿಮ್ಮಲ್ಲಿಗೆ ಬರಬೇಕಂತೆ. ಅವನಿಗೆ ಬಸ್ ಹತ್ತುವುದು ಕಷ್ಟ, ನಾನೇ ಕಾರಿನಲ್ಲಿ ಕರೆತರುತ್ತೇನೆ. ನನ್ನನ್ನು ಒಳಗೆ ಕರೆಯಬೇಡಿ. ಅವನನ್ನು ಕರೆಯಿರಿ.