ಮೂಡಲಗಿ ಸರ್ ಕೈ

ಡ್ರಾಯಿಂಗ್ ಟೀಚರಿಗೆ ಏನು ಕೆಲಸವಿರುತ್ತದೆ ಎಂದು ಕೇಳುವವರೇ ಅವಳಿಗೆ ಪುರುಸೊತ್ತು ಕೊಡುವುದಿಲ್ಲ. ನಾನು ಗೋಕಾಕ ತಾಲ್ಲೂಕಿನಲ್ಲಿ, ಮಮದಾಪುರದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತೇನೆ. ಕಲಿಸುತ್ತೇನೆ ಎನ್ನುವುದು ಸ್ವಲ್ಪ ದೊಡ್ಡ ಮಾತೇ ಆಯಿತು. ನನ್ನ ಪೀರಿಯಡ್ಡನ್ನು ಗಣಿತದವರು ಕೇಳಿ ತೆಗೆದುಕೊಳ್ಳುತ್ತಾರೆ, ವಿಜ್ಞಾನದವರು ಕೇಳದೆ ತೆಗೆದುಕೊಳ್ಳುತ್ತಾರೆ. ಆದರೆ ಸಾಹೇಬರು ಬರುತ್ತಾರೆ ಎಂದರೆ ಸ್ವಾಗತದ ಬೋರ್ಡು ನಾನೇ ಬರೆಯಬೇಕು. ಯಾರಾದರೂ ವರ್ಗವಾದರೆ, ನಿವೃತ್ತರಾದರೆ ಅವರ ಹೆಸರಿನ ಸುತ್ತ ಹೂಬಳ್ಳಿ ಹಬ್ಬಿಸುವವಳೂ ನಾನೇ. ಹೆಡ್‌ಮಾಸ್ತರರ ಮಗಳ ಸೀಮಂತಕ್ಕೆ ಅವರ ಮನೆ ಅಂಗಳದಲ್ಲಿ ರಂಗೋಲಿ ಹಾಕಿದ್ದೇನೆ. ಮನಸ್ಸಿನಲ್ಲೇ ಬೈಯುತ್ತ ಹಾಕಿದೆ. ರಂಗೋಲಿ ಮಾತ್ರ ಚೆನ್ನಾಗಿ ಬಂತು.

ಗಣಿತದವರು ಒಂದು ಶಾಲೆಗೆ ಇಬ್ಬರಾದರೂ ಇರುತ್ತಾರೆ. ಕೂತು ಒಂದು ಲೆಕ್ಕದ ಬಗ್ಗೆ ಜಗಳವನ್ನಾದರೂ ಆಡುತ್ತಾರೆ. ನಾವು ಶಾಲೆಗೆ ಒಬ್ಬರೇ, ಅದೂ ಹುದ್ದೆ ಖಾಲಿ ಬಿದ್ದಿರದಿದ್ದರೆ. ಬರೆದ ಗೆರೆ ಯಾಕೆ ಸತ್ತಂತೆ ಬಿದ್ದಿದೆ ಎಂದು ಸ್ಟಾಫ್ ರೂಮಿನಲ್ಲಿ ಯಾರನ್ನು ಕೇಳಬೇಕು? “ಚೆಂದ ಐತ್ರಿ ಅಕ್ಕೋರ” ಎನ್ನುತ್ತಾರೆ. ಚಿತ್ರಕ್ಕೂ ಅದೇ ಮಾತು, ಸೀರೆಗೂ ಅದೇ ಮಾತು.

ಹೀಗೆ ಒಬ್ಬೊಬ್ಬರೇ ಕುಳಿತು ಒಣಗುತ್ತಿದ್ದ ನಮ್ಮನ್ನು ಒಂದು ಕಡೆ ಕೂಡಿಸಿದವರು ಮೂಡಲಗಿ ಸರ್. ಮೂಡಲಗಿಯ ಒಂದು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರು, ನಮ್ಮೆಲ್ಲರಿಗಿಂತ ಹಿರಿಯರು. ಹಣೆಯಲ್ಲಿ ವಿಭೂತಿ, ಅಂಗಿಯ ಜೇಬಿನಲ್ಲಿ ಯಾವಾಗಲೂ ಬಣ್ಣದ ಖಡುವಿನ, ಅಂದರೆ ಚಾಕ್‌ಪೀಸಿನ, ಚೂರು, ಅದರಿಂದಾಗಿ ಜೇಬಿಗೊಂದು ನೀಲಿ ಕಲೆ. ಮಕ್ಕಳ ಡ್ರಾಯಿಂಗ್ ಪರೀಕ್ಷೆ ನಡೆಸಲು ನಾವೆಲ್ಲ ಗೋಕಾಕದಲ್ಲಿ ಸೇರಿದ್ದಾಗ ಅವರೇ ಮಾತು ತೆಗೆದರು.

“ವರ್ಷಕ್ಕೊಮ್ಮೆ ಪರೀಕ್ಷಾ ಬಂದಾಗ ಅಷ್ಟ ಒಬ್ಬರ ಮಾರಿ ಒಬ್ಬರು ನೋಡ್ತೀವಿ. ತಿಂಗಳಿಗೊಂದು ರವಿವಾರ ಅರಭಾವ್ಯಾಗ ಕೂಡೂಣು. ಎಲ್ಲಾ ಕಡೆ ಬಸ್ ಅಲ್ಲಿ ನಿಂದರ್ತಾವು.”

ಅರಭಾವಿಯ ತೋಟಗಾರಿಕೆ ಕಾಲೇಜಿನ ಹತ್ತಿರ ಒಂದು ಚಹಾದ ಅಂಗಡಿ, ಅದರ ಬಾಜೂಕ್ಕೆ ಬೇವಿನ ಗಿಡ. ಅದೇ ನಮ್ಮ ಸಂಘದ ಕಟ್ಟಡ. ಎಲ್ಲರೂ ಎದುರಿಗಿರುವ ಒಂದೇ ವಸ್ತುವನ್ನು ಬರೆಯಬೇಕು, ಚಹಾದ ಕಿಟ್ಲಿಯೋ, ಯಾರದೋ ಹರಿದ ಚಪ್ಪಲಿಯೋ. ಆಮೇಲೆ ಹಾಳೆಗಳನ್ನು ಅದಲು ಬದಲು ಮಾಡಿಕೊಂಡು ತಪ್ಪು ಹೇಳಬೇಕು. “ಚೆಂದ ಐತಿ” ಎಂದವರು ಎಲ್ಲರಿಗೂ ಚಹಾ ಕುಡಿಸಬೇಕು, ಅದು ದಂಡ. ಇಷ್ಟು ವರ್ಷಗಳಲ್ಲಿ ನನ್ನ ಗೆರೆಯನ್ನು ಒಬ್ಬರು ನಿಜವಾಗಿ ನೋಡಿ ಬೈದದ್ದು ಅಲ್ಲಿಯೇ ಮೊದಲು. ಬೈಸಿಕೊಂಡು ಅಷ್ಟು ಖುಷಿಯಾಗಿ ಮನೆಗೆ ಬಂದದ್ದು ನನಗೇ ಸೋಜಿಗ. ನನ್ನ ಡ್ರಾಯಿಂಗ್ ಕೋಣೆಗೆ ಬಿಸಿಯೂಟದ ಅಕ್ಕಿ ಚೀಲ ಒಟ್ಟಿದಾಗ ಒಂದು ರವಿವಾರ ಎಲ್ಲರೂ ನಮ್ಮೂರಿಗೆ ಬಂದು, ಚೀಲಗಳನ್ನು ಒಂದು ಮೂಲೆಗೆ ಸರಿಸಿ, ಗೋಡೆಗೆ ಸುಣ್ಣ ಬಳಿದು ಹೋದರು. ನನ್ನ ಹಿಂದೆಯೂ ಮಂದಿ ಇದ್ದಾರೆ ಎಂದು ನಮ್ಮ ಹೆಡ್‌ಮಾಸ್ತರರಿಗೆ ತಿಳಿದದ್ದು ಆಗ.

ಅಲ್ಲಿ ನನಗೆ ಸಿಕ್ಕವಳು ಹುಕ್ಕೇರಿ ತಾಲ್ಲೂಕಿನ ಗೆಳತಿ. ನಿಡಸೋಸಿ ಕಡೆಯ ಒಂದು ಶಾಲೆಯ ಡ್ರಾಯಿಂಗ್ ಟೀಚರ್. ಅವಳು ಅಳುಬುರುಕಿ, ನಾನು ಜಗಳಗಂಟಿ. ಸರ್ ನಮ್ಮಿಬ್ಬರಿಗೂ “ತಂಗಿ” ಎನ್ನುತ್ತಿದ್ದರು, ಯಾರನ್ನು ಕರೆದರೆಂದು ತಿಳಿಯದೆ ಇಬ್ಬರೂ ತಿರುಗುತ್ತಿದ್ದೆವು.

ಬೀಳ್ಕೊಡುಗೆಯ ಬೋರ್ಡಿಗೆ ಒಂದು ಪದ್ಧತಿಯನ್ನು ಮಾಡಿದವರೂ ಸರ್. ಅವರ ಹಳೆಯ ಸ್ನೇಹಿತರೊಬ್ಬರು, ಅವರೂ ಡ್ರಾಯಿಂಗ್ ಮಾಸ್ತರರು, ನಿವೃತ್ತಿಯ ದಿನ ಬೆಳಿಗ್ಗೆ ಶಾಲೆಗೆ ಬಂದು ತಮ್ಮ ಬೀಳ್ಕೊಡುಗೆಯ ಬೋರ್ಡು ತಾವೇ ಬರೆದು, ಕೈ ತೊಳೆದುಕೊಂಡು, ಅದೇ ಬೋರ್ಡಿನ ಕೆಳಗೆ ಮಾಲೆ ಹಾಕಿಸಿಕೊಂಡು ಕುಳಿತರಂತೆ. ಊರಿನವರಿಗೆಲ್ಲ ಹೆಸರು ಬರೆದವರಿಗೆ ಹೆಸರು ಬರೆಯಲು ಆ ಶಾಲೆಯಲ್ಲಿ ಇನ್ನೊಬ್ಬರು ಇರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ.

“ತನ್ನ ಹೆಣಕ್ಕ ತಾನ ಹೆಗಲ ಕೊಟ್ಟಂಗ ಆತು ಅದು,” ಎಂದರು ಸರ್. “ನಮ್ಮೊಳಗ ಯಾರಿಗೂ ಹಂಗ ಆಗಬಾರದು. ಯಾರದರ ನಿವೃತ್ತಿ ಬಂತು ಅಂದ್ರ ಉಳಿದವರು ಹೋಗಿ ಬರೀಬೇಕು. ಅವರು ಬೋರ್ಡ್ ನೋಡೂದು ಸಭಾದಾಗ ಅಷ್ಟ, ಅಲ್ಲೀತನಕ ಆ ಕಡೆ ಹಾಯಬಾರದು. ನನ್ನ ಪಾಳಿನೂ ದೂರಿಲ್ಲ ಮತ್ತ. ಇಡೀ ಜನ್ಮ ಮಂದಿ ಹೆಸರ ಬರದೀನಿ. ಒಮ್ಮೆ ನನ್ನ ಹೆಸರ ಬ್ಯಾರೇದವರ ಕೈಯಾಗ ನೋಡಬೇಕು.”

ನಮ್ಮಲ್ಲಿ ಒಬ್ಬರ ಅಕ್ಷರದ ರೀತಿಗೆ ಕೈ ಎನ್ನುತ್ತೇವೆ. ಅಚ್ಚಿನ ಅಕ್ಷರ ಯಾರದೂ ಅಲ್ಲ, ಆದರೆ ಖಡುವನ್ನು ಮುರಿದು ಅಡ್ಡ ಹಿಡಿದು ಬರೆದ ಅಕ್ಷರಕ್ಕೆ ಒಬ್ಬ ಒಡೆಯ ಇರುತ್ತಾನೆ. ಮೂಡಲಗಿಯ ಸುತ್ತಮುತ್ತ ಬಸ್ಸಿನ ಕಿಟಕಿಯಿಂದಲೇ “ಅದು ಸರ್ ಕೈ” ಎಂದು ಹೇಳಬಹುದಿತ್ತು. ಸೊಸೈಟಿಯ ಗೋಡೆ, ಅಂಗನವಾಡಿಯ ಗೋಡೆ, ಹಿಟ್ಟಿನ ಗಿರಣಿಯ ಬಾಗಿಲು, ಎಲ್ಲ ಕಡೆ ಅವರದೇ. ಅವರ ತಲಕಟ್ಟು ಕೊನೆಗೆ ಬಂದಾಗ ತುಸು ಮೇಲಕ್ಕೆ ಏಳುತ್ತಿತ್ತು. ಒತ್ತಕ್ಷರಗಳಿಗೆ ಹೊಟ್ಟೆ ಸ್ವಲ್ಪ ಹೆಚ್ಚು. ನಾವು ಆಡಿಕೊಳ್ಳುತ್ತಿದ್ದೆವು, ಸರ್ ಅಕ್ಷರ ಚೆನ್ನಾಗಿ ಉಂಡು ಎದ್ದಿವೆ ಎಂದು.

ಒಂದು ವರ್ಷ ಮಳೆಗಾಲದಲ್ಲಿ ಅವರ ಫೋನು ಬಂತು. ಸ್ವಾತಂತ್ರ್ಯ ದಿನದ ಬೋರ್ಡು ಬರೆಯಬೇಕಾದ ಹೊತ್ತು.

“ತಂಗಿ, ಕೈನ ಕೈ ಕೊಟ್ಟೈತಿ,” ಎಂದು ನಕ್ಕರು. ನಾನೂ ನಕ್ಕೆ. “ಸಂಜೀಕ ಇಬ್ಬರೂ ಬರ್ರಿ,” ಎಂದು ಫೋನು ಇಟ್ಟರು.

ಶಾಲೆ ಬಿಟ್ಟ ಮೇಲೆ ನಾನೂ ಹುಕ್ಕೇರಿ ಗೆಳತಿಯೂ ಮೂಡಲಗಿಗೆ ಹೋದೆವು. ಮಕ್ಕಳು ಹೋಗಿದ್ದರು. ಸರ್ ವರಾಂಡದ ಬೋರ್ಡಿನ ಎದುರು ನಿಂತಿದ್ದರು, ಬೋರ್ಡು ಖಾಲಿ. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿದ್ದರು, ಬಿಟ್ಟರೆ ಅದು ತನ್ನಷ್ಟಕ್ಕೆ ನಡುಗುತ್ತಿತ್ತು. ಬೆಳಗಾವಿಯ ಡಾಕ್ಟರು ಇದು ಹೋಗುವ ರೋಗವಲ್ಲ ಎಂದಿದ್ದರಂತೆ. ಶಾಲೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಥಂಡಿ ಎಂದು ಕೈಯನ್ನು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದರು. ತರಗತಿಯಲ್ಲಿ ಮಕ್ಕಳನ್ನೇ ಬೋರ್ಡಿಗೆ ಕಳಿಸಿ ಬಾಯಲ್ಲಿ ಕಲಿಸುತ್ತಿದ್ದರು.

“ಹೇಳಿಬಿಡ್ರಿ ಸರ್, ರೋಗ ಯಾರಿಗೆ ಬರೂದಿಲ್ಲ,” ಎಂದೆ ನಾನು.

“ಕೈ ನಡುಗೂ ಡ್ರಾಯಿಂಗ್ ಮಾಸ್ತರ ಅಂದ್ರ ತೊದಲೂ ಪುರಾಣಿಕ ಇದ್ದಂಗ. ಮುಂದ ನಕ್ಕೊಂತ ಕೈ ಮುಗೀತಾರ, ಹಿಂದ ಅಯ್ಯೋ ಪಾಪ ಅಂತಾರ. ನನಗ ಅಯ್ಯೋ ಪಾಪ ಬ್ಯಾಡ. ಮಾಸ್ತರ ಆಗೇ ಬಂದೀನಿ, ಮಾಸ್ತರ ಆಗೇ ಹೊರಗ ಹೋಗಬೇಕು.”

ಗೆಳತಿ ಆಗಲೇ ಮೂಗು ಒರೆಸಿಕೊಳ್ಳುತ್ತಿದ್ದಳು. ನಾನು ಖಡು ತೆಗೆದುಕೊಂಡೆ.

ನಮ್ಮ ಕೈಯಲ್ಲಿ ಬರೆದರೆ ಮರುದಿನ ಸರ್ ಸಿಕ್ಕಿಬೀಳುತ್ತಾರೆ. ಆದ್ದರಿಂದ ಅವರ ಕೈಯಲ್ಲೇ ಬರೆಯಬೇಕಿತ್ತು. ಮೊದಲ ಸಲ ಎಷ್ಟು ಅಳಿಸಿದೆವೋ. ಅವರು ಹಿಂದೆ ನಿಂತು, “ಸಾವಕಾಶ. ತಲಕಟ್ಟು ಎಳೀಬ್ಯಾಡ, ಬಿಡು, ತಾನ ಏಳತೈತಿ” ಎನ್ನುತ್ತಿದ್ದರು. ತನ್ನ ಕೈಯನ್ನು ಮತ್ತೊಬ್ಬರಿಗೆ ಕಲಿಸುವುದು ಅವರಿಗೂ ಹೊಸದು. ಇಲ್ಲಿ ಹೊಟ್ಟೆ ಯಾಕೆ ದೊಡ್ಡದು ಎಂದು ನಾನು ಕೇಳಿದರೆ ಅವರಿಗೇ ಗೊತ್ತಿರಲಿಲ್ಲ. ಮರುದಿನ ಸ್ಟಾಫಿನವರೆಲ್ಲ ಬೋರ್ಡಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡರಂತೆ. ಅದನ್ನು ಹೇಳುವಾಗ ಸರ್ ಧ್ವನಿಯಲ್ಲಿದ್ದ ಸಮಾಧಾನಕ್ಕಾಗಿ ಎಷ್ಟು ಸಲ ಬೇಕಾದರೂ ಮೂಡಲಗಿಗೆ ಹೋಗಬಹುದಿತ್ತು.

ಹೋದೆವು ಕೂಡ. ಗಣರಾಜ್ಯ ದಿನ, ಶಾಲೆಯ ವಾರ್ಷಿಕೋತ್ಸವ, ಯಾರದೋ ವರ್ಗಾವಣೆ, ಯಾರೋ ಸಾಹೇಬರ ಭೇಟಿ. ಬಸ್ಸಿನಲ್ಲಿ ಬೆರಳಿನಿಂದ ಕಿಟಕಿಯ ಗಾಜಿನ ಮೇಲೆ ಅವರ ಅಕ್ಷರ ರೂಢಿ ಮಾಡುತ್ತಿದ್ದೆವು. ಗೆಳತಿಯದಕ್ಕಿಂತ ನನ್ನದು ಬೇಗ ಕುದುರಿತು. ಆಮೇಲಾಮೇಲೆ ಸರ್ ಹಿಂದೆ ನಿಲ್ಲುವುದನ್ನೂ ಬಿಟ್ಟು ಬೆಂಚಿನ ಮೇಲೆ ಕುಳಿತು ಊರ ಸುದ್ದಿ ಹೇಳುತ್ತಿದ್ದರು. ಆ ಸಂಜೆಗಳು ನನಗೆ ಈಗಲೂ ಬೇಕು. ನಾವು ಮೂವರೂ ಕೂಡಿ ಒಬ್ಬರ ಮಾನವನ್ನು ಕಾಯುತ್ತಿದ್ದೆವು, ಅದರಲ್ಲಿ ಒಂದು ಕಳ್ಳ ಸಂತೋಷವೂ ಇತ್ತು.

ನಿವೃತ್ತಿಯ ದಿನ ಬಂತು. ಅಲ್ಲಿಯವರೆಗೆ ಕೈಯ ಗುಟ್ಟು ಯಾರಿಗೂ ತಿಳಿದಿರಲಿಲ್ಲ. ಹಿಂದಿನ ಸಂಜೆ ಸರ್ ಮೂಡಲಗಿ ಬಸ್‌ಸ್ಟ್ಯಾಂಡಿನಲ್ಲೇ ನಮ್ಮ ಕೈಗೆ ಶಾಲೆಯ ಸಭೆ ನಡೆಯುವ ಹಾಲಿನ ಕೀಲಿ ಕೊಟ್ಟರು.

“ನಾ ಬರೂದಿಲ್ಲ. ಪದ್ಧತಿ ಅಂದ್ರ ಪದ್ಧತಿ,” ಎಂದು, ಮದುವೆಗೆ ಅಂಗಿ ಹೊಲಿಯಲು ಕೊಟ್ಟವರ ಹಾಗೆ ನಾಚಿಕೊಂಡು ಮನೆ ಕಡೆ ತಿರುಗಿದರು.

ಸಂಘದ ಉಳಿದವರು ಈ ಬೋರ್ಡನ್ನು ನಮ್ಮಿಬ್ಬರಿಗೇ ಬಿಟ್ಟಿದ್ದರು. ನಾವು ಆ ಸಂಜೆ ಬರೆದಷ್ಟು ಮನಸ್ಸಿಟ್ಟು ಎಂದೂ ಬರೆದಿಲ್ಲ. ಖಡುವನ್ನು ಸಕ್ಕರೆ ನೀರಿನಲ್ಲಿ ನೆನೆಸಿ ತಂದಿದ್ದೆವು, ಬಣ್ಣ ಕಟ್ಟಿಕೊಂಡು ಹೊಳೆಯಲಿ ಎಂದು. ಗೆಳತಿ ಅಂಚಿಗೆ ಮಲ್ಲಿಗೆಯ ಬಳ್ಳಿ ಬರೆದಳು, ನಾನು ನಡುವೆ ಅವರ ಹೆಸರು ಬರೆದೆ. ಒಂದು ಸಲವೂ ಅಳಿಸಲಿಲ್ಲ. ದೂರ ನಿಂತು ನೋಡಿದಾಗ ಗೆಳತಿ “ಚೆಂದ ಐತಿ” ಎಂದು, ಹೇಳಬಾರದ್ದನ್ನು ಹೇಳಿದೆನೆಂದು ತಾನೇ ನಕ್ಕಳು. ದಂಡದ ಚಹಾವನ್ನು ಬಸ್‌ಸ್ಟ್ಯಾಂಡಿನಲ್ಲಿ ಕುಡಿದೆವು.

ಮರುದಿನ ರಜೆ ಹಾಕಿ ಇಬ್ಬರೂ ಸಭೆಗೆ ಹೋದೆವು, ಹಿಂದಿನ ಸಾಲಿನಲ್ಲಿ ಕುಳಿತೆವು. ಸರ್ ಹೊಸ ಬಿಳಿ ಅಂಗಿ ಹಾಕಿಕೊಂಡು ಬಂದರು. ಒಳಗೆ ಕಾಲಿಡುತ್ತಲೇ ಅವರ ಕಣ್ಣು ಬೋರ್ಡಿಗೆ ಹೋಯಿತು. ನಿಂತರು. ಮುಖದ ಮೇಲೆ ನಗು ಬರುತ್ತ ಬರುತ್ತ ಅಲ್ಲೇ ಉಳಿಯಿತು. ಎದೆ ತುಂಬಿ ಬಂದಿರಬೇಕು ಎಂದುಕೊಂಡೆ. ಗೆಳತಿ ನನ್ನ ಕೈ ಹಿಡಿದು ಹಿಸುಕಿದಳು.

ಆ ಶಾಲೆಯ ಹೆಡ್‌ಮಾಸ್ತರರು ಮಾತಿಗೆ ಎದ್ದರು. ಒಳ್ಳೆಯ ಮನುಷ್ಯರು, ಅವರ ಮೇಲೆ ನನಗೆ ಇಂದಿಗೂ ಸಿಟ್ಟಿಲ್ಲ.

“ಎಲ್ಲಾರೂ ಆ ಬೋರ್ಡ್ ನೋಡ್ರಿ,” ಎಂದರು ಮೈಕಿನಲ್ಲಿ. “ಇವತ್ತರ ಸರ್ ಸುಮ್ಮನ ಕುಂದರಬೇಕೋ ಬ್ಯಾಡೋ? ತಮ್ಮ ಬೀಳ್ಕೊಡುಗಿ ಬೋರ್ಡ್ ತಾವ ಬರಕೊಂಡಾರ. ಈ ಕೈ ಮುಚ್ಚಿಟ್ರ ಮುಚ್ಚತೈತೇನ್ರಿ? ಕಾಯಕ ಅಂದ್ರ ಇದು.”

ಹಾಲಿಗೆ ಹಾಲೇ ಚಪ್ಪಾಳೆ ತಟ್ಟಿತು. “ಮತ್ಯಾರ ಬರೀಬೇಕ್ರಿ, ಬರಿಯಾವರು ಅವರೊಬ್ಬರ ಅದಾರ,” ಎಂದು ಯಾರೋ ಅಂದರು. ಕೆಲವರು ನಕ್ಕರು, ಪ್ರೀತಿಯಿಂದಲೇ ನಕ್ಕರು.

ನಾನು ಬೋರ್ಡು ನೋಡಿದೆ. ತಲಕಟ್ಟು ಕೊನೆಗೆ ಮೇಲಕ್ಕೆ ಎದ್ದಿತ್ತು. ಒತ್ತಕ್ಷರಗಳಿಗೆ ಹೊಟ್ಟೆ ಇತ್ತು. ಮೊದಲಿನಿಂದ ಕೊನೆಯವರೆಗೆ ಅದು ಸರ್ ಕೈ. ಆ ಶಾಲೆಯ ಬೋರ್ಡಿನ ಮುಂದೆ ನಿಂತರೆ ನಮ್ಮ ಕೈಗೆ ಬರುತ್ತಿದ್ದದ್ದು ಅದೊಂದೇ. ಆ ಸಂಜೆ ನಮ್ಮ ಕೈಯಲ್ಲಿ ಬರೆಯಬೇಕು ಎಂಬುದು ಇಬ್ಬರಿಗೂ ಹೊಳೆದೇ ಇರಲಿಲ್ಲ. ಗೆಳತಿಯ ಕಡೆ ನೋಡಿದೆ, ಅವಳು ಅಳುತ್ತಿರಲಿಲ್ಲ. ಅದನ್ನು ನೋಡಿ ನನಗೆ ಹೆದರಿಕೆಯಾಯಿತು.

ಸರ್ ಮಾತಿಗೆ ಎದ್ದರು, ಬಲಗೈ ಜೇಬಿನಲ್ಲಿ. ನಾನಲ್ಲ, ನನ್ನ ತಂಗಿಯರು ಬರೆದದ್ದು ಎಂದು ಹೇಳಬಹುದಿತ್ತು. ಹೇಳಿದರೆ, ಹಾಗಾದರೆ ನಿಮ್ಮ ಅಕ್ಷರ ಅವರಿಗೆ ಹೇಗೆ ಬಂತು ಎಂಬ ಪ್ರಶ್ನೆ ಬರುತ್ತಿತ್ತು. ಹಿಂದಿನ ಎಲ್ಲ ಬೋರ್ಡುಗಳೂ ಒಂದೊಂದಾಗಿ ಬಿಚ್ಚಿಕೊಳ್ಳುತ್ತಿದ್ದವು. ಅವರು ಹಿಂದಿನ ಸಾಲಿನ ಕಡೆ ನೋಡಿದರು.

“ಹೌದ್ರಿ,” ಎಂದರು. “ನಾನ ಬರದೀನಿ. ರೂಢಿ, ಬಿಡೂದಿಲ್ಲ.”

ಮತ್ತೆ ಚಪ್ಪಾಳೆ. ಮಾಲೆ ಹಾಕಿದರು, ಶಾಲು ಹೊದಿಸಿದರು, ಫೋಟೋ ತೆಗೆದರು. ಆ ಬೋರ್ಡಿನ ಕೆಳಗೇ ಕೂರಿಸಿ ತೆಗೆದರು.

ಎಲ್ಲರೂ ಊಟಕ್ಕೆ ಹೊರಗೆ ಹೋದ ಮೇಲೆ ಹಾಲಿನಲ್ಲಿ ನಾವು ಮೂವರೇ ಉಳಿದೆವು. ನಾನು ಡಸ್ಟರ್ ತೆಗೆದುಕೊಂಡು ಅವರ ಹೆಸರನ್ನು ಒರೆಸಿದೆ. ಸಕ್ಕರೆ ಹಾಕಿದ ಖಡು, ಬೇಗ ಹೋಗಲಿಲ್ಲ, ಸೆರಗಿನಿಂದ ತಿಕ್ಕಿದೆ. ಅದೇ ಜಾಗದಲ್ಲಿ ಮತ್ತೆ ಬರೆಯತೊಡಗಿದೆ, ನನ್ನ ಕೈಯಲ್ಲಿ. ಮೊದಲ ಅಕ್ಷರದ ತಲಕಟ್ಟು ಕೊನೆಗೆ ಮೇಲಕ್ಕೆ ಎದ್ದಿತು. ಒರೆಸಿದೆ. ನಿಧಾನವಾಗಿ ಬರೆದೆ, ಒಂದನೇ ತರಗತಿಯ ಮಗು ಬರೆದ ಹಾಗೆ ಒತ್ತಿ ಹಿಡಿದು ಬರೆದೆ. ಮತ್ತೆ ಎದ್ದಿತು. ನನ್ನ ಅಕ್ಷರ ಹೇಗಿತ್ತು ಎಂದು ನೆನಪಿಸಿಕೊಳ್ಳಲು ನೋಡಿದೆ. ಖಡು ಹಿಡಿದು ಹಾಗೆಯೇ ನಿಂತೆ.

ಸರ್ ಹತ್ತಿರ ಬಂದು ನನ್ನ ಬೆರಳುಗಳಿಂದ ಖಡುವನ್ನು ಬಿಡಿಸಿಕೊಂಡರು. ಅವರ ಕೈಯ ನಡುಕ ನನ್ನ ಕೈಗೆ ತಾಗಿತು.

“ಬಿಡು ತಂಗಿ,” ಎಂದರು. “ನನ್ನ ಮಾನ ಕಾಯಾಕ ಹೋಗಿ ನಿನ್ನ ಕೈ ಕೆಡಿಸಿದೆ ನಾನು.”